ಮಳೆಯಲ್ಲಿ ಕಲಿತ ಕರ್ಣ

ನಾಟಕಕ್ಕೆ ಆಯ್ಕೆಯಾಗಲು ಹೋದ ಮೊದಲ ಆಡಿಷನ್‌ನಲ್ಲಿ ನಾನು ಮಾಡಿದ್ದು ಅಭಿನಯ ಅಲ್ಲ, ಕಿರುಚಾಟ.

ನಮ್ಮ ಮನೆ ಮಡಿಕೇರಿಯಿಂದ ಭಾಗಮಂಡಲಕ್ಕೆ ಹೋಗುವ ದಾರಿಯಲ್ಲಿ. ಜುಲೈ ಬಂತೆಂದರೆ ಅಲ್ಲಿ ಮಳೆಯದ್ದೇ ಸದ್ದು. ಮನೆ ಹಿಂದಿನ ಸೌದೆ ಕೊಟ್ಟಿಗೆಯಲ್ಲಿ, ಶೀಟಿನ ಕೆಳಗೆ ನಿಂತು ಒಂದು ತಿಂಗಳು ಅಭ್ಯಾಸ ಮಾಡಿದ್ದೆ. ಆರಿಸಿಕೊಂಡಿದ್ದು ಕುಂತಿಗೆ ಕರ್ಣ ಹೇಳುವ ಮಾತು. ಮಳೆಗಿಂತ ಜೋರಾಗಿ ಹೇಳದಿದ್ದರೆ ನನಗೇ ಕೇಳಿಸುತ್ತಿರಲಿಲ್ಲ.

ಆಡಿಷನ್ ನಡೆದ ಮೈಸೂರಿನ ಹಾಲ್‌ನಲ್ಲಿ ಫ್ಯಾನಿನ ಸದ್ದೂ ಇರಲಿಲ್ಲ. ನಾಲ್ಕು ಸಾಲು ಮುಗಿಯುವಷ್ಟರಲ್ಲಿ ಎದುರು ಕೂತವರು ಕೈ ತೋರಿಸಿ ನಿಲ್ಲಿಸಿದರು. "ಪಕ್ಕದ ಕೋಣೆಯಲ್ಲಿ ಯಾರೋ ಮಲಗಿದ್ದಾರೆ. ಅವರು ಏಳಬಾರದು. ಈಗ ಇದೇ ಮಾತನ್ನು ನಿಮ್ಮ ತಾಯಿಗೆ ಹೇಳಿ" ಎಂದರು. ದನಿ ಇಳಿಸಿದೆ, ಮಾತೇ ಮರೆತುಹೋಯಿತು. ನಾನು ಕಂಠಪಾಠ ಮಾಡಿದ್ದು ಮಾತನ್ನಲ್ಲ, ಕೂಗನ್ನು!

ಮುಂದಿನ ವರ್ಷ ಮಳೆಗೆ ಕಾಯಲಿಲ್ಲ. ಮಾರ್ಚ್‌ನಲ್ಲಿ ನಮ್ಮ ಕಾಫಿ ಒಣಗಿಸುವ ಕಣ ಖಾಲಿ ಇತ್ತು. ತಂಗಿಯನ್ನು ಮೂವತ್ತು ಹೆಜ್ಜೆ ದೂರ ನಿಲ್ಲಿಸಿದೆ. ಮಾತು ಕೇಳಿಸದಿದ್ದರೆ ಅವಳು ಕೈ ಎತ್ತಬೇಕು, ಕೂಗಿದಂತೆ ಅನಿಸಿದರೆ ಕಿವಿ ಮುಚ್ಚಬೇಕು. ಮೊದಲ ವಾರ ಅವಳ ಕೈ ಕಿವಿಯಿಂದ ಇಳಿಯಲೇ ಇಲ್ಲ. ಆಮೇಲೆ ಒಂದೊಂದು ಸಾಲಿಗೂ ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಅಂತ ಪೆನ್ಸಿಲ್‌ನಲ್ಲಿ ಗೀಟು ಹಾಕಿಕೊಂಡೆ. ಹೊಟ್ಟೆಯಿಂದ ಉಸಿರು ಬಿಟ್ಟರೆ ಕೂಗದೆಯೂ ಮಾತು ಅಷ್ಟು ದೂರ ಹೋಗುತ್ತದೆ.

ಇನ್ನೊಂದು ತೊಂದರೆ ನನ್ನ ನಾಲಗೆಯದ್ದು. ಮನೆಯಲ್ಲಿ ನಾವು ಆಡುವುದು ಅರೆಭಾಷೆ, ನಮ್ಮ ಕಡೆಯ ಒಂದು ಬಗೆಯ ಕನ್ನಡ. ಬರೆದ ಕನ್ನಡ ಓದುವಾಗ ನನ್ನ ಬಾಯಲ್ಲಿ ಧರ್ಮ ದರ್ಮ ಆಗುತ್ತಿತ್ತು, ಭೂಮಿ ಬೂಮಿ. ಅಂಗೈಯನ್ನು ಬಾಯಿಯ ಮುಂದೆ ಹಿಡಿದು ಅಭ್ಯಾಸ ಮಾಡಿದೆ. ಮಹಾಪ್ರಾಣ ಸರಿಯಾಗಿ ಬಂದರೆ ಅಂಗೈಗೆ ಗಾಳಿ ತಾಗುತ್ತದೆ. ಬಸ್ಸಲ್ಲೂ ಹೀಗೇ ಕೂತಿದ್ದೆ, ಪಕ್ಕದವರು ಹಲ್ಲುನೋವಾ ಅಂದರು.

ಗಂಟಲಿಗೆ ಒಳ್ಳೆಯದೆಂದು ಅಜ್ಜಿ ಕಾಳುಮೆಣಸಿನ ಕಷಾಯ ಕೊಟ್ಟರು. ಕುಡಿದ ಮೇಲೆ ಕೆಮ್ಮೇ ಜಾಸ್ತಿ. ನನಗಂತೂ ಉಗುರುಬೆಚ್ಚಗಿನ ನೀರೇ ಸಾಕು. ಎರಡನೇ ಆಡಿಷನ್‌ಗೆ ಹಿಂದಿನ ದಿನವೇ ಮೈಸೂರಿಗೆ ಇಳಿದೆ. ಮಡಿಕೇರಿಯಿಂದ ಸುಮಾರು 120 ಕಿಲೋಮೀಟರ್. ಅಷ್ಟೇ ಅಲ್ವಾ ಅನಿಸಬಹುದು, ಆದರೆ ಬೆಳಗಿನ ಬಸ್ಸಲ್ಲಿ ಆ ತಿರುವುಗಳನ್ನೆಲ್ಲ ದಾಟಿ ನೇರ ರಂಗದ ಮೇಲೆ ನಿಂತರೆ ತಲೆ ಸುತ್ತುತ್ತದೆ. ಜೀನ್ಸ್ ಬಿಟ್ಟು ಸಡಿಲ ಪೈಜಾಮ ಹಾಕಿದ್ದೆ. ನೆಲದ ಮೇಲೆ ಕೂರಿ, ಏಳಿ, ಓಡಿ ಅಂತ ಹೇಳುತ್ತಾರೆ ಅನ್ನುವುದು ಹಿಂದಿನ ವರ್ಷವೇ ಗೊತ್ತಾಗಿತ್ತು.

ಕರ್ಣನ ಮಾತನ್ನು ಈ ಸಲ ಪೂರ್ತಿ ಕೇಳಿದರು. ಏನೂ ಹೇಳಲಿಲ್ಲ. ನಂತರ, "ನಿಮ್ಮ ಮನೆಮಾತಲ್ಲಿ ಏನಾದರೂ ಮಾಡಿ" ಎಂದರು. ಇದಕ್ಕೆ ನಾನು ತಯಾರಾಗಿರಲಿಲ್ಲ. ಸುಮ್ನೆ ಒಂದು ಗಳಿಗೆ ನಿಂತೆ. ಶನಿವಾರ ಸಂಬಳ ಬಟವಾಡೆ ಮಾಡುವ ಎಸ್ಟೇಟಿನ ರೈಟರ್, ಅಂದರೆ ಗುಮಾಸ್ತರು, ನೆನಪಾದರು. ಕನ್ನಡಕ ಮೂಗಿನ ತುದಿಗೆ ಇಳಿಸಿ, ನೋಟನ್ನು ಮೂರು ಸಲ ಎಣಿಸಿ, ಕೊಡುವಾಗ ಮಾತ್ರ ತುದಿ ಬಿಡದೆ ಹಿಡಿದುಕೊಳ್ಳುವವರು. ಅದನ್ನೇ ಮಾಡಿದೆ. ಮೂಲೆಯಲ್ಲಿ ಕೂತಿದ್ದವರೊಬ್ಬರು ನಕ್ಕರು.

ಫೋನ್ ಬಂದಾಗ ಜೂನ್. ನಾನು ಸೌದೆ ಕೊಟ್ಟಿಗೆಯಲ್ಲಿದ್ದೆ, ಶೀಟಿನ ಮೇಲೆ ಮಳೆ. ಆಯ್ಕೆ ಅನ್ನುವ ಪದವೇ ಸರಿಯಾಗಿ ಕೇಳಿಸಲಿಲ್ಲ.

"ಸ್ವಲ್ಪ ಜೋರಾಗಿ ಹೇಳಿ ಸಾರ್" ಅಂದೆ.