ರೊಟ್ಟಿ ಹಲಗೆಗೆ ಮೈಕ್ ಕಟ್ಟಿ: ನಮ್ಮ ಕಥೆಯನ್ನು ಒಬ್ಬರೇ ನಿಂತು ಆಡುವ ಬಗೆ

ಮೊದಲೇ ಸ್ಕ್ರಿಪ್ಟ್ ಬರೆಯೋಕೆ ಕೂರಬೇಡಿ. ಸದ್ದುಗಳ ಪಟ್ಟಿ ಮಾಡಿ. ಸ್ಕೂಲಿನ ದಿನಗಳಿಂದ ಕಾಲೇಜು ಮುಗಿಯುವವರೆಗೆ ಕಿವಿಗೆ ಬಿದ್ದು ಇನ್ನೂ ಬಿಟ್ಟು ಹೋಗದ ಸದ್ದುಗಳು. ಅಪ್ಪನ ಸ್ಕೂಟರ್ ಓಣಿಗೆ ತಿರುಗಿದ್ದು, ಹಾಸ್ಟೆಲ್ ಟ್ರಂಕಿನ ಚಿಲಕ, ಪಕ್ಕದ ಮನೆಯ ಕುಕ್ಕರ್, ಯಾರದೋ ಬಳೆ. ಮಾತು ಆಮೇಲೆ ತಾನಾಗಿ ಬರುತ್ತದೆ.

ನಾನು ಕಲಬುರಗಿಯ ಬ್ರಹ್ಮಪುರದಲ್ಲಿ ಬೆಳೆದವಳು. ಹುಡುಗಿಯರನ್ನು ಪ್ರೀತಿಸುವವಳು. ನಮ್ಮಂಥವರು ಮನೆಯಲ್ಲಿ ಮೊದಲು ಕಲಿಯೋದೇ ಸದ್ದಾಗದ ಹಾಗೆ ಇರೋದನ್ನು. ಫೋನ್ ಸೈಲೆಂಟ್, ಅಳು ದಿಂಬಿನೊಳಗೆ, ಖುಷಿಯಾದರೂ ಬಾತ್‌ರೂಮಿನ ನಲ್ಲಿ ತಿರುಗಿಸಿಟ್ಟು ನಗೋದು. ಅದಕ್ಕೇ ಈ ಕಥೆಯನ್ನು ರಂಗಕ್ಕೆ ತಂದಾಗ ಪ್ರತಿ ಸದ್ದೂ ನಮ್ಮ ಕೈಯಿಂದ, ಜನರ ಕಣ್ಣೆದುರೇ ಹುಟ್ಟಬೇಕು ಅನ್ನೋದು ನನ್ನ ಹಟ. ಪೆನ್‌ಡ್ರೈವ್‌ನಲ್ಲಿ ತಂದು ಹಾಕಿದರೆ ಕೆಲಸ ಸುಲಭವಾಗುತ್ತದೆ ನಿಜ. ಆದರೆ ಸದ್ದು ಮಾಡುವ ಧೈರ್ಯ ಯಾರಿಗೂ ಕಾಣೋದಿಲ್ಲ.

ನಮ್ಮ ಕಡೆಯ ಜನಕ್ಕೆ ಇದೇನು ಹೊಸದಲ್ಲ. ಜಾತ್ರೆಗೆ ಬರುವ ಕಂಪನಿ ನಾಟಕದಲ್ಲಿ ಪೇಟಿ (ಹಾರ್ಮೋನಿಯಂ) ಮಾಸ್ತರು, ತಬಲಾದವರು ಎದುರಿಗೇ ಕೂತು ನುಡಿಸುತ್ತಾರೆ. ಪಾತ್ರಧಾರಿ ಮಾತು ಎಳೆದರೆ ಪೇಟಿಯೂ ಎಳೆಯುತ್ತದೆ. ಚೌಡಿಕೆ ಅನ್ನೋ ತಂತಿ ವಾದ್ಯ ಮೀಟುತ್ತ ಎಲ್ಲಮ್ಮನ ಪದ ಹಾಡುವ, ಆ ದೇವಿಗೆ ಮುಡಿಪಾದ ಜೋಗತಿಯರಂತೂ ಎಷ್ಟೋ ಕಾಲದಿಂದ ಇದ್ದಾರೆ. ಅವರಲ್ಲೊಬ್ಬರಾದ ಟ್ರಾನ್ಸ್‌ಜೆಂಡರ್ ಕಲಾವಿದೆ ಮಂಜಮ್ಮ ಜೋಗತಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿದ್ದರು, 2021ರಲ್ಲಿ ಪದ್ಮಶ್ರೀ ಪಡೆದರು. ಆ ಪರಂಪರೆಯನ್ನು ನೋಡಿ, ಕೇಳಿ, ಕಲಿಯಿರಿ. ಆದರೆ ಚೌಡಿಕೆಯನ್ನು ಸುಮ್ನೆ ಸಾಮಾನಿನ ಹಾಗೆ ಎತ್ತಿಕೊಂಡು ಬರಬೇಡಿ. ಅದು ಅವರ ಪೂಜೆ, ಅವರ ಹೊಟ್ಟೆಪಾಡು. ನಿಮ್ಮ ಮನೆಯಲ್ಲೇ ಬೇಕಾದಷ್ಟು ಸದ್ದು ಇರುತ್ತದೆ.

ನಮ್ಮ ಮನೆಯಲ್ಲಿ ಇದ್ದದ್ದು ರೊಟ್ಟಿ ಬಡಿಯುವ ಸದ್ದು. ಅವ್ವ ಖಾನಾವಳಿಗಳಿಗೆ ಜೋಳದ ರೊಟ್ಟಿ ಮಾಡಿಕೊಡುತ್ತಿದ್ದಳು. ಬೆಳಗಿನ ಜಾವ ನನಗೆ ಅದೇ ಅಲಾರಂ. ಒಂದು ರೊಟ್ಟಿಯನ್ನು ಹತ್ತಿರದಿಂದ ಕೇಳಿ ನೋಡಿ. ಮೊದಲು ಹಿಟ್ಟಿನ ಉಂಡೆ ದಪ್ಪಗಿರುತ್ತದೆ, ಸದ್ದು ಮೆತ್ತಗೆ ಇರುತ್ತದೆ. ಅಂಗೈ ಬಡಿಯುತ್ತ, ರೊಟ್ಟಿ ತಿರುಗುತ್ತ ತೆಳ್ಳಗಾದ ಹಾಗೆ ಹಲಗೆಯ ಸದ್ದು ಮೇಲೇಳುತ್ತದೆ. ಕೊನೆಗೆ ಅಂಚಿನಲ್ಲಿ ಟಪ್ ಟಪ್ ಅಂತ ಚುರುಕಾಗುತ್ತದೆ. ಆಮೇಲೆ ಎತ್ತಿ ಹಂಚಿಗೆ ಹಾಕುವಾಗ ಒಂದು ಗಳಿಗೆ ಏನೂ ಇಲ್ಲ. ಏರುವುದು, ನಿಲ್ಲುವುದು, ಎರಡೂ ಅದರೊಳಗೇ ಇದೆ. ನನ್ನ ನಾಟಕದಲ್ಲಿ ಅವ್ವನ ದೃಶ್ಯಕ್ಕೆ ಗಡಿಯಾರ ಇಲ್ಲ, ಒಂದು ರೊಟ್ಟಿ ಆಗುವಷ್ಟು ಹೊತ್ತು ಮಾತು. ರೊಟ್ಟಿ ಹಂಚಿಗೆ ಹೋದಾಗ ನಾನು ಹೇಳಬೇಕಾದ್ದು ಇನ್ನೂ ಬಾಯಲ್ಲೇ ಉಳಿದಿರುತ್ತದೆ.

ಅವ್ವನಿಗೆ ಕೇಳಿದ್ದೆ, ಈ ಸದ್ದು ನಾಟಕಕ್ಕೆ ಬೇಕು ಅಂತ. "ಅದರಾಗ ಏನದ? ಹಿಟ್ಟು ಹದ ಇದ್ರ ಸದ್ದು ತಾನ ಬರ್ತದ" ಅಂದಳು. ತಾಲೀಮಿನಲ್ಲಿ ಆ ಭಾಗ ಒಂದನ್ನು ಕೂತು ನೋಡಿದಳು. "ಮಣಿಕಟ್ಟು ಸಡಿಲ ಬಿಡು ಯವ್ವಾ, ಯಾರ ಮ್ಯಾಲ ಸಿಟ್ಟು?" ಅಂದು ನನ್ನ ಕೈ ಹಿಡಿದು ತೋರಿಸಿದಳು. ಉಳಿದ ನಾಟಕ ಆಕೆ ನೋಡಿಲ್ಲ. ನಾನು ಒತ್ತಾಯ ಮಾಡಿಲ್ಲ. ನಮ್ಮ ಮನೆಗಳಲ್ಲಿ "ಹೇಳಿಕೊಳ್ಳುವ" ದೃಶ್ಯ ಅಂತ ಒಂದು ಇರಲೇಬೇಕು ಅಂತೇನಿಲ್ಲ. ಆಕೆಗೆ ಗೊತ್ತು, ನನಗೂ ಗೊತ್ತು, ತಟ್ಟೆಗೆ ಇನ್ನೊಂದು ರೊಟ್ಟಿ ಬೀಳುತ್ತದೆ. ನಿಮ್ಮ ಬದುಕಿನಲ್ಲಿ ಆ ದೊಡ್ಡ ಜಗಳ ನಡೆದಿಲ್ಲ ಅಂದರೆ ನಾಟಕಕ್ಕಾಗಿ ಅದನ್ನು ಹುಟ್ಟಿಸಬೇಡಿ.

ಈಗ ಮೈಕಿನ ವಿಷಯ. ಕಲಬುರಗಿಯಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಫ್ಯಾನ್ ಆಫ್ ಮಾಡಿ ಜನರನ್ನು ಕೂರಿಸೋಕೆ ಆಗಲ್ಲ. ಮಾಮೂಲಿ ಮೈಕ್ ಇಟ್ಟರೆ ನಿಮ್ಮ ಸದ್ದಿಗಿಂತ ಫ್ಯಾನಿನ ಸದ್ದೇ ಜಾಸ್ತಿ ಬರುತ್ತದೆ. ಅದಕ್ಕೆ ಕಾಂಟ್ಯಾಕ್ಟ್ ಮೈಕ್ ಬಳಸಿ. ಅದು ಗಾಳಿಯಲ್ಲಿ ಬರುವ ಸದ್ದನ್ನು ಹೆಚ್ಚುಕಡಿಮೆ ಕೇಳೋದೇ ಇಲ್ಲ. ಅಂಟಿಸಿದ ವಸ್ತು ನಡುಗಿದರೆ ಮಾತ್ರ ಕೇಳುತ್ತದೆ. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಪೀಜೋ ಡಿಸ್ಕ್ ಅಂದರೆ ಹತ್ತಿಪ್ಪತ್ತು ರೂಪಾಯಿಗೆ ಹಿತ್ತಾಳೆಯ ಬಿಲ್ಲೆ ಕೊಡುತ್ತಾರೆ. ಅದಕ್ಕೆ ಶೀಲ್ಡ್ ಇರುವ ಆಡಿಯೋ ವೈರ್ ಬೆಸುಗೆ ಹಾಕಿಸಿ, ಕೊನೆಗೆ ಗಿಟಾರಿಗೆ ಹಾಕುವಂಥ ಜ್ಯಾಕ್ ಸೇರಿಸಿ. ಬೆಸುಗೆ ಬರದಿದ್ದರೆ ಮೊಬೈಲ್ ರಿಪೇರಿ ಅಣ್ಣನೇ ಮಾಡಿಕೊಡುತ್ತಾನೆ. ಬಿಲ್ಲೆಯ ಸುತ್ತ ಇನ್ಸುಲೇಷನ್ ಟೇಪ್ ಸುತ್ತಿ. ರೊಟ್ಟಿ ಅಂದಮೇಲೆ ನೀರು, ಹಿಟ್ಟು ಇದ್ದದ್ದೇ.

ಡಬಲ್ ಸೈಡ್ ಟೇಪಿನಿಂದ ಹಲಗೆಯ ಅಡಿಗೆ ಗಟ್ಟಿಯಾಗಿ ಅಂಟಿಸಿ. ನಟ್ಟ ನಡುವೆ ಬೇಡ, ಅಲ್ಲಿ ಗುಂಯ್ ಅನ್ನುತ್ತದೆ. ಅಂಚಿನ ಕಡೆ ಸರಿಸುತ್ತ ಕೇಳಿ ಜಾಗ ಹುಡುಕಿ. ಹಲಗೆಯ ಕೆಳಗೆ ಮಡಿಚಿದ ಕೌದಿ ಹಾಕಿ. ಇಲ್ಲದಿದ್ದರೆ ಸ್ಪೀಕರಿನ ನಡುಕ ನೆಲದಿಂದ ಹಲಗೆಗೆ ಏರಿ ಕೂಗು ಶುರುವಾಗುತ್ತದೆ. ಇದನ್ನು ಸೌಂಡ್ ಮಿಕ್ಸರಿನ ಮೈಕ್ ಸಾಕೆಟ್ಟಿಗೆ ನೇರ ಹಾಕಬೇಡಿ. ಸದ್ದಿನ ತೂಕವೆಲ್ಲ ಹೋಗಿ ಬರೀ ತೆಳ್ಳಗೆ ಕಟಕಟ ಅನ್ನುತ್ತದೆ. ನಡುವೆ ಗಿಟಾರ್ ಪೆಡಲ್, ಅಂದರೆ ಗಿಟಾರಿನವರು ಕಾಲಲ್ಲಿ ಒತ್ತುವ ಪುಟ್ಟ ಪೆಟ್ಟಿಗೆ, ಇಟ್ಟರೆ ಚೆನ್ನಾಗಿ ಹೊಂದುತ್ತದೆ.

ಆ ಪೆಡಲ್ಲೇ ಲೂಪರ್ ಆಗಿರಲಿ. ಒಮ್ಮೆ ಒತ್ತಿದರೆ ರೆಕಾರ್ಡ್, ಮತ್ತೆ ಒತ್ತಿದರೆ ಅದೇ ಸದ್ದು ಸುತ್ತುತ್ತದೆ. ಬಾಸ್ (Boss) ಕಂಪನಿಯ ಆರ್‌ಸಿ-505 ಅಂಥ ದೊಡ್ಡ ಲೂಪರ್‌ನಲ್ಲಿ ಐದು ಟ್ರ್ಯಾಕ್ ಸಿಗುತ್ತವೆ, ಆದರೆ ದುಬಾರಿ. ಶುರುವಿಗೆ ಒಂದೇ ಟ್ರ್ಯಾಕಿನ ಸಣ್ಣ ಪೆಡಲ್ ಸಾಕು. ಅದರ ಮೇಲೇ ಒಂದೊಂದು ಪದರ ಏರಿಸುತ್ತ ಹೋಗಬಹುದು. ಎರಡನೇ ಸಲ ಒತ್ತುವಾಗ ಕಾಲು ಸರಿಯಾಗಿ ಮುಂದಿನ ಸುತ್ತಿನ ಮೊದಲ ಪೆಟ್ಟಿಗೆ ಬೀಳಬೇಕು. ತಡವಾದರೆ ಪ್ರತಿ ಸುತ್ತಿಗೂ ಕುಂಟುತ್ತದೆ. ಬರಿಗಾಲಲ್ಲಿ ಅಭ್ಯಾಸ ಮಾಡಿ. ಸೀರೆ ಉಟ್ಟು ಆಡೋದಾದರೆ ತಾಲೀಮೂ ಸೀರೆಯಲ್ಲೇ ಆಗಲಿ. ನೆರಿಗೆ ಪೆಡಲನ್ನು ಮುಚ್ಚಿಬಿಡುತ್ತದೆ.

ಬ್ಲೂಟೂತ್ ಸ್ಪೀಕರ್ ಮಾತ್ರ ಬೇಡವೇ ಬೇಡ. ಕೈ ಬಡಿದ ಮೇಲೆ ಸದ್ದು ತಡವಾಗಿ ಬರುತ್ತದೆ.

ಕನ್ಯಾ ನೋಡಲು ಬರುವ ದೃಶ್ಯಕ್ಕೆ ನಾನು ಚಹಾದ ಕಪ್ಪು-ಬಸಿ ಇಟ್ಟುಕೊಂಡಿದ್ದೇನೆ. ಒಂದು ಕಪ್ಪು ಬಸಿಗೆ ತಾಗಿದ ಸದ್ದನ್ನು ಲೂಪಿಗೆ ಹಾಕುತ್ತೇನೆ. ಅದರ ಮೇಲೆ ಇನ್ನೊಂದು, ಮತ್ತೊಂದು, ಚಮಚ ತಿರುಗಿದ್ದು, ಯಾರೋ ಸುರ್ರನೆ ಚಹಾ ಕುಡಿದದ್ದು. ಮನೆ ತುಂಬ ಬೀಗರು ಬಂದು ಕೂತ ಹಾಗಾಗುತ್ತದೆ. ನನ್ನ ಮಾತು ಕೇಳದಷ್ಟು ಗದ್ದಲ ಆದಾಗ ಪೆಡಲ್ ಒತ್ತಿ ನಿಲ್ಲಿಸುತ್ತೇನೆ. ಆಗ "ನನಗ ಮದುವಿ ಬ್ಯಾಡ" ಅನ್ನೋದನ್ನು ಮೈಕ್ ಇಲ್ಲದೆ ಹೇಳಿದರೂ ಕೊನೆಯ ಸಾಲಿಗೆ ಮುಟ್ಟುತ್ತದೆ.

ಪ್ರೀತಿಯ ದೃಶ್ಯಕ್ಕೆ ಹಳೇ ಬಟನ್ ಫೋನ್ ಹುಡುಕಿ. ವೈಬ್ರೇಷನ್‌ನಲ್ಲಿಟ್ಟು ತಗಡಿನ ಟ್ರಂಕಿನ ಮೇಲೆ ಬಿಡಿ. ಟ್ರಂಕಿಗೂ ಒಂದು ಬಿಲ್ಲೆ ಅಂಟಿಸಿರಿ. ಮಿಸ್ಡ್ ಕಾಲ್ ಬಂದಾಗ ಇಡೀ ಟ್ರಂಕು ಗುರ್ ಅನ್ನುತ್ತದೆ, ಫೋನ್ ತಾನೇ ಸರಿದು ಅಂಚಿಗೆ ಬರುತ್ತದೆ. ಹಾಸ್ಟೆಲ್ಲಿನ ಕತ್ತಲಲ್ಲಿ ಆ ಗುರ್ ಅಂದದ್ದೇ ನನಗೆ ಹಬ್ಬ. ಈ ಖುಷಿ ನಿಮ್ಮ ನಾಟಕದಲ್ಲಿ ಇರಲೇಬೇಕು. ನಮ್ಮ ಕಥೆ ಅಂದರೆ ಬರೀ ಏಟು, ಕಣ್ಣೀರು ಅಂತ ಜನ ಅಂದುಕೊಂಡು ಬಂದಿರುತ್ತಾರೆ. ನೋಡುವವರಲ್ಲಿ ಒಬ್ಬ ಹುಡುಗಿಗೆ ತನ್ನ ಗೆಳತಿಯ ಮಿಸ್ಡ್ ಕಾಲ್ ನೆನಪಾದರೆ ಅದು ಎಷ್ಟು ದೊಡ್ಡದು ಗೊತ್ತಾ?

ಮಳೆಯ ಸದ್ದಿಗೆ ಮೊರದಲ್ಲಿ ತೊಗರಿ ಕಾಳು ಉರುಳಿಸಿ. ಬೇಳೆ ಬೇಡ, ಉರುಳೋದಿಲ್ಲ.

ಕಥೆಯಲ್ಲಿ ಬರುವ ಇನ್ನೊಬ್ಬರ ಬಗ್ಗೆ ಬಹಳ ಜೋಪಾನ. ನನ್ನ ಆಕೆಗೆ ಈಗ ಬೇರೆ ಸಂಸಾರವಿದೆ. ಆಡುವ ಮೊದಲು ಆಕೆಯನ್ನು ಕೇಳಿ, ಒಪ್ಪಿಗೆ ಪಡೆದೆ. ಹೆಸರು ಬದಲಿಸಿದರೆ ಸಾಕು ಅಂದುಕೊಳ್ಳಬೇಡಿ. ನಮ್ಮದು ದೊಡ್ಡ ಊರಾದರೂ ಗುರುತು ಹಿಡಿಯುವವರು ಬಹಳ. ತಾಲ್ಲೂಕು, ಅಪ್ಪನ ಕಸುಬು, ಓದಿದ ಕೋರ್ಸು, ಮೂರನ್ನೂ ಬದಲಿಸಿ. ಸದ್ದನ್ನು ಬದಲಿಸಬೇಡಿ, ಅದರಿಂದ ಯಾರ ವಿಳಾಸವೂ ಸಿಗೋದಿಲ್ಲ. ನೀವೇ ಇನ್ನೂ ಮನೆಯವರ ಆಸರೆಯಲ್ಲಿದ್ದು, ವಿಷಯ ತಿಳಿದರೆ ಹೊರಗೆ ಹಾಕುತ್ತಾರೆ ಅನ್ನುವ ಭಯವಿದ್ದರೆ ಸದ್ಯಕ್ಕೆ ನಂಬಿಕೆಯ ಗೆಳೆಯರ ರೂಮಿನಲ್ಲೇ ಆಡಿ. ಅದೂ ನಾಟಕವೇ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ವಯಸ್ಕರ ಒಪ್ಪಿಗೆಯ ಸಂಬಂಧವನ್ನು ಆಗಿನ ದಂಡ ಸಂಹಿತೆಯ 377ನೇ ಕಲಮಿನಿಂದ ಹೊರಗಿಟ್ಟಿತು. ನಮ್ಮ ಪ್ರೀತಿ ಅಪರಾಧವಲ್ಲ. ಜಾಗ ಕೊಡಲು ಹಿಂದೆಮುಂದೆ ನೋಡುವವರಿಗೆ ಇದನ್ನು ತಿಳಿಸಿ ಹೇಳಿ.

ಜಾಗ ಸಣ್ಣದಿರಲಿ. ಡಾ. ಎಸ್.ಎಂ. ಪಂಡಿತ್ ರಂಗಮಂದಿರದಂಥ ದೊಡ್ಡ ಸಭಾಂಗಣದಲ್ಲಿ ಬಳೆಯ ಸದ್ದು ಕಳೆದುಹೋಗುತ್ತದೆ. ಅಲ್ಲಿಗೆ, ಕಲಬುರಗಿ ರಂಗಾಯಣದ ನಾಟಕಗಳಿಗೆ, ನೋಡಲು ಹೋಗಿ. ಸೌಂಡ್ ನೋಡಿಕೊಳ್ಳುವವರ ಹತ್ತಿರ ಕೂತು ಅವರ ಕೈಗಳನ್ನು ಗಮನಿಸಿ. ನಿಮ್ಮ ಆಟಕ್ಕೆ ಐವತ್ತು ಜನ ಹಿಡಿಯುವ ಕೋಣೆ ಸಾಕು. ಶಹಾಬಾದ್ ಕಲ್ಲಿನ ನೆಲ, ಬರೀ ಗೋಡೆ ಇದ್ದರೆ ಸದ್ದು ಮಾರ್ದನಿಸುತ್ತದೆ. ಜಮಖಾನ ಹಾಸಿ, ಹಿಂದಿನ ಗೋಡೆಗೆ ಕೌದಿ ಇಳಿಬಿಡಿ. ಜನ ತುಂಬಿದ ಮೇಲೆ ಅವರ ಮೈ, ಬಟ್ಟೆಯೇ ಸದ್ದು ಹೀರುತ್ತದೆ, ಹಾಗಾಗಿ ಖಾಲಿ ಕೋಣೆಯಲ್ಲಿ ಕೊಂಚ ಜೋರು ಅನಿಸಿದರೆ ಸರಿಯಾಗಿದೆ ಅಂತ. ಸ್ಪೀಕರ್ ನಿಮಗಿಂತ ಮುಂದೆ ಇರಲಿ, ಜನರ ಕಡೆ ಮುಖ ಮಾಡಿರಲಿ. ಬಯಲಲ್ಲೋ ಮಾಳಿಗೆ ಮೇಲೋ ಆದರೆ ರಾತ್ರಿ 10ರೊಳಗೆ ಮುಗಿಸಿ, ಆಮೇಲೆ ಧ್ವನಿವರ್ಧಕ ಹಾಕುವಂತಿಲ್ಲ.

ಕರೆಂಟು ಹೋಗಿಯೇ ಹೋಗುತ್ತದೆ ಅಂತಲೇ ತಯಾರಾಗಿ. ಪ್ರತಿ ದೃಶ್ಯವನ್ನೂ ಮೈಕಿಲ್ಲದೆ, ಬರೀ ಕೈಯಿಂದ, ಒಮ್ಮೆ ಪೂರ್ತಿ ಆಡಿ ನೋಡಿರಬೇಕು. ಹಲಗೆಯ ಸದ್ದು ಕರೆಂಟಿಗೆ ಕಾಯೋದಿಲ್ಲ. ಸ್ಪೀಕರಿನಲ್ಲಿ ಗುಂಯ್ ಅಂತ ಒಂದೇ ಸಮ ಬರುತ್ತಿದ್ದರೆ, ಲ್ಯಾಪ್‌ಟಾಪ್ ಜೋಡಿಸಿದ್ದಲ್ಲಿ ಅದರ ಚಾರ್ಜರ್ ತೆಗೆದು ನೋಡಿ. ಎಲ್ಲ ಸಾಮಾನೂ ಒಂದೇ ಬೋರ್ಡಿಗೆ ಹಾಕಿ.

ಆಟ ಮುಗಿದ ಮೇಲೆ ಒಬ್ಬರಾದರೂ ಎಲ್ಲರೂ ಹೋಗುವವರೆಗೆ ಚಪ್ಪಲಿ ಹುಡುಕುವ ನೆಪ ಮಾಡಿಕೊಂಡು ನಿಂತಿರುತ್ತಾರೆ. ಅವರಿಗಾಗಿ ಸಮಯ ಇಟ್ಟುಕೊಳ್ಳಿ. ಹೆಸರು ಕೇಳಬೇಡಿ, ಫೋಟೋ ಬೇಡ. ಅವರು ಮಾತಾಡಿದರೆ ಕೇಳಿ, ಇಲ್ಲದಿದ್ದರೆ ಹಲಗೆ ಬಡಿಯಲು ಕೊಡಿ. ಮನಸ್ಸು ತೀರಾ ಕುಸಿದಿದೆ ಅನಿಸಿದರೆ ಟೆಲಿ-ಮಾನಸ್ ಸಹಾಯವಾಣಿಯ ನಂಬರ್ 14416 ಬರೆದುಕೊಡಿ. ಅದು ಸರ್ಕಾರದ್ದು, ಫ್ರೀ, ಕನ್ನಡದಲ್ಲೂ ಮಾತಾಡುತ್ತಾರೆ. ವೈರ್ ಸುತ್ತಿ ಸಾಮಾನು ಕಟ್ಟುವ ಕೆಲಸವನ್ನು ಆ ಹೊತ್ತಿಗೆ ಬೇರೆ ಯಾರಿಗಾದರೂ ಮೊದಲೇ ಒಪ್ಪಿಸಿಟ್ಟಿರಿ.