ಬಾಗಿಲಲ್ಲಿ ನಿಂತುಬಿಡುವ ಕಾಲು: ಪಾರ್ಕಿನ್ಸನ್ ಮನೆಗಳಲ್ಲಿ ನನ್ನ ಅನುಭವ

ಪಾರ್ಕಿನ್ಸನ್ ಎಂಬ ನರರೋಗ ಇರುವವರ ಮನೆಗೆ ಮೊದಲ ಸಲ ಹೋದಾಗ ನಾನು ವ್ಯಾಯಾಮ ಹೇಳಿಕೊಡುವುದಿಲ್ಲ. ಒಂದು ಕಡೆ ಕೂತು, ಅವರು ಮಂಚದಿಂದ ಎದ್ದು ಬಚ್ಚಲಿಗೆ ಹೋಗಿ ಬರುವುದನ್ನು ನೋಡುತ್ತೇನೆ. ಆಸ್ಪತ್ರೆಯ ಫಿಸಿಯೋಥೆರಪಿ ಹಾಲ್ ವಿಶಾಲವಾಗಿರುತ್ತದೆ, ಬೆಳಕಿರುತ್ತದೆ, ಎದುರಿಗೆ ನಾನಿರುತ್ತೇನೆ. ಅಲ್ಲಿ ಹೆಚ್ಚಿನವರು ಚೆನ್ನಾಗಿಯೇ ನಡೆಯುತ್ತಾರೆ. "ಅಲ್ಲಿ ಅಷ್ಟು ಚೆನ್ನಾಗಿ ನಡೆದ್ರಿ, ಮನೇಲಿ ಯಾಕೆ ಹೀಗೆ ನಾಟಕ ಮಾಡ್ತೀರಿ" ಎಂದು ಮನೆಯವರು ಗದರುವುದನ್ನು ಎಷ್ಟೋ ಕಡೆ ಕೇಳಿದ್ದೇನೆ. ಅದು ನಾಟಕವಲ್ಲ. ಕಾಲು ನಿಲ್ಲುವುದು ಬಾಗಿಲಲ್ಲಿ, ತಿರುಗುವಾಗ, ಬೀರುವಿಗೂ ಮಂಚಕ್ಕೂ ನಡುವಿನ ಇಕ್ಕಟ್ಟಿನಲ್ಲಿ. ಹಾಲ್‌ನಲ್ಲಿ ಅವ್ಯಾವುವೂ ಇರುವುದಿಲ್ಲ.

"ಕಾಲು ನೆಲಕ್ಕೆ ಅಂಟಿಕೊಂಡುಬಿಡುತ್ತೆ" ಅನ್ನುತ್ತಾರೆ ಅದನ್ನು ಅನುಭವಿಸುವವರು. ಕಾಲಿನಲ್ಲಿ ಬಲ ಇಲ್ಲದೆ ಹಾಗಾಗುವುದಲ್ಲ. ನಾವು ಯೋಚಿಸದೆಯೇ ಹೆಜ್ಜೆ ಹಾಕುತ್ತಾ ಹೋಗುವುದಕ್ಕೆ ಮಿದುಳಿನ ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯಾ ಬೇಕು, ಅದಕ್ಕೆ ಡೋಪಮೈನ್ ಎಂಬ ರಾಸಾಯನಿಕ ಬೇಕು. ಪಾರ್ಕಿನ್ಸನ್‌ನಲ್ಲಿ ಅದು ಕಡಿಮೆಯಾದಾಗ ತಾನಾಗಿ ಆಗುತ್ತಿದ್ದ ನಡಿಗೆ ತಡವರಿಸುತ್ತದೆ. ಆದರೆ ಗಮನ ಕೊಟ್ಟು ಮಾಡುವ ಚಲನೆಗೆ ಮಿದುಳಿನಲ್ಲಿ ಬೇರೊಂದು ದಾರಿ ಇದೆ. ಕಣ್ಣಿಗೊಂದು ಗೆರೆ ಕಂಡರೆ, ಕಿವಿಗೊಂದು ತಾಳ ಬಿದ್ದರೆ, ಅಂಟಿಕೊಂಡಿದ್ದ ಅದೇ ಕಾಲು ಏಳುತ್ತದೆ. ಸಮತಟ್ಟು ನೆಲದಲ್ಲಿ ನಿಂತುಬಿಡುವವರು ಮೆಟ್ಟಿಲನ್ನು ಸರಾಗವಾಗಿ ಹತ್ತುವುದನ್ನು ನೋಡಿ ಮನೆಯವರಿಗೆ ಅನುಮಾನ ಇನ್ನೂ ಹೆಚ್ಚುತ್ತದೆ. ನನಗೆ ಅದೇ ದೊಡ್ಡ ಸುಳಿವು: ಮೆಟ್ಟಿಲಿನ ಅಂಚೂ ಕಣ್ಣಿಗೊಂದು ಗೆರೆಯೇ. ಬ್ರಿಟನ್ನಿನ ನರರೋಗ ತಜ್ಞ ಜೇಮ್ಸ್ ಪರ್ಡನ್ ಮಾರ್ಟಿನ್ 1967ರಷ್ಟು ಹಿಂದೆಯೇ ನೆಲದ ಅಡ್ಡಗೆರೆಗಳ ಈ ಪರಿಣಾಮವನ್ನು ಬರೆದಿಟ್ಟಿದ್ದರು.

ಮೈಸೂರಿನ ಹಳೇ ಬಡಾವಣೆಯ ಒಬ್ಬ ನಿವೃತ್ತ ಮೇಷ್ಟ್ರ ಮನೆಯಲ್ಲಿ ಕೆಂಪು ರೆಡ್ ಆಕ್ಸೈಡ್ ನೆಲ. ಅದರ ಮೇಲೆ ಬಿಳಿ ಟೇಪ್ ಎದ್ದು ಕಾಣುತ್ತದೆ. ಮಂಚದಿಂದ ಬಚ್ಚಲಿನವರೆಗೆ ಅಡ್ಡಡ್ಡ ಪಟ್ಟಿ ಅಂಟಿಸಿದೆ. ಅಂತರವನ್ನು ಪುಸ್ತಕದಿಂದ ತೆಗೆದುಕೊಳ್ಳಲಿಲ್ಲ. ಅವರು ಚೆನ್ನಾಗಿ ನಡೆಯುವ ಹೊತ್ತಿನ ಹೆಜ್ಜೆ ಅಳೆದು, ಅದಕ್ಕಿಂತ ತುಸು ಉದ್ದಕ್ಕೆ ಇಟ್ಟೆ. ಬಾಗಿಲಿನ ಮುಂಚೆಯೂ ಗೆರೆ ಬೇಕು, ಬಾಗಿಲು ದಾಟಿದ ಮೇಲೂ ಬೇಕು. ಹೊಸ್ತಿಲ ತನಕ ತಂದು ಬಿಟ್ಟರೆ ಅಲ್ಲೇ ನಿಲ್ಲುತ್ತಾರೆ. ಚುಕ್ಕಿ ಚುಕ್ಕಿ ಮೊಸಾಯಿಕ್ ನೆಲದಲ್ಲಿ ಬಿಳಿ ಟೇಪ್ ಕಳೆದುಹೋಗುತ್ತದೆ, ಅಲ್ಲಿ ಗಾಢ ಹಳದಿಯೋ ಕಪ್ಪೋ ಹಾಕುತ್ತೇನೆ. ಹೊಸ್ತಿಲು ಕೀಳಿಸಬೇಕೇ ಎಂದು ಮಗ ಕೇಳಿದರು. ಬೇಡ ಅಂದೆ, ಅದರ ಅಂಚಿಗೂ ಒಂದು ಪಟ್ಟಿ ಹಚ್ಚಿದೆ. ಪಾದವನ್ನು ಉಜ್ಜಿಕೊಂಡು ನಡೆಯುವವರ ಮನೆಯಾಗಿದ್ದರೆ ಕೀಳಿಸಿ ಎನ್ನುತ್ತಿದ್ದೆ. ಮೇಷ್ಟ್ರು ಮಾತ್ರ ದಾಟಬೇಕಾದದ್ದು ಕಂಡರೆ ಕಾಲೆತ್ತುವವರು.

ತಾಳಕ್ಕೆಂದು ಮೊಬೈಲ್‌ನಲ್ಲಿ ಮೆಟ್ರೋನೋಮ್, ಅಂದರೆ ಒಂದೇ ಲಯದಲ್ಲಿ ಸದ್ದು ಮಾಡುವ ಆ್ಯಪ್, ಹಾಕಿಕೊಟ್ಟೆ. "ಈ ಟಿಕ್ ಟಿಕ್ ಕೇಳಿದ್ರೆ ಪರೀಕ್ಷೆ ಹಾಲ್‌ನಲ್ಲಿ ಕೂತ ಹಾಗಾಗುತ್ತೆ ಕಣಪ್ಪ" ಎಂದು ಆರಿಸಿಬಿಟ್ಟರು. ಮಕ್ಕಳಿಗೆ ಡ್ರಿಲ್ ಮಾಡಿಸುತ್ತಿದ್ದ ದನಿ ಅವರದು; ಅವರ ಬಾಯಿಂದಲೇ "ಎಡ, ಬಲ" ಹೇಳಿಸಿದೆ. ಕೆಲಸ ಮಾಡಿತು. ವೇಗ ಅವರ ಸಹಜ ನಡಿಗೆಯದ್ದೇ ಇರಲಿ, ಸ್ವಲ್ಪ ನಿಧಾನವಾದರೂ ಸರಿ. ಕಾಲು ಅಂಟುವವರಿಗೆ ಬಿರುಸಿನ ತಾಳ ಕೊಟ್ಟರೆ ಹೆಜ್ಜೆ ಚಿಕ್ಕದಾಗುತ್ತಾ ಹೋಗಿ ಮುಗ್ಗರಿಸುತ್ತಾರೆ.

ಇಷ್ಟೆಲ್ಲ ಮಾಡಿದರೂ, ಹೆಚ್ಚು ಹೊತ್ತು ಹಿಡಿಯುವುದು ಮನೆಯವರಿಗೆ ಕಲಿಸುವುದಕ್ಕೆ. ನಿಂತವರ ಕೈ ಹಿಡಿದು ಎಳೆಯುವುದು ನಮ್ಮವರ ಪ್ರೀತಿ. ಎಳೆದಾಗ ಮೈ ಮುಂದೆ ಹೋಗುತ್ತದೆ, ಪಾದ ಹಿಂದೆ ಉಳಿಯುತ್ತದೆ, ಬೀಳುವುದು ಅಲ್ಲೇ. "ಬೇಗ ಬೇಗ" ಎನ್ನುವುದೂ ಎಳೆದ ಹಾಗೆಯೇ. ಮೇಷ್ಟ್ರ ಹೆಂಡತಿಗೆ ನಾನು ಹೇಳಿದ್ದು: "ಅಮ್ಮಾ, ನಿಂತಾಗ ನೀವೂ ನಿಲ್ಲಿ. ಪಕ್ಕದಲ್ಲಿರಿ, ಮುಂದೆ ಹೋಗಬೇಡಿ. ಮೈಭಾರವನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಹಾಕೋಕೆ ಹೇಳಿ. ಆಮೇಲೆ ನಿಮ್ಮ ಪಾದವನ್ನ ಅವರ ಪಾದದ ಮುಂದೆ ಅಡ್ಡ ಇಡಿ, ಅದನ್ನ ದಾಟೋಕೆ ಹೇಳಿ." ಗಂಡ ತನ್ನ ಕಾಲು ದಾಟುವುದೇ ಎಂದು ಆಕೆಗೆ ಮೊದಲು ಮುಜುಗರ. ಕೆಲವು ದಿನಕ್ಕೆ ಇಬ್ಬರಿಗೂ ಅದು ತಮಾಷೆಯಾಯಿತು.

ತಿರುಗುವಾಗ ನಿಂತಲ್ಲೇ ಗಿರಕಿ ಹೊಡೆಯುವುದು ಬೇಡ, ದೊಡ್ಡ ಅರ್ಧವೃತ್ತ ಹಾಕಿ ತಿರುಗಬೇಕು. ಕುರ್ಚಿಯಲ್ಲಿ ಕೂರುವ ಮುನ್ನ ಎರಡೂ ಕಾಲಿನ ಹಿಂಭಾಗಕ್ಕೆ ಕುರ್ಚಿ ತಾಗಬೇಕು. ಕೈಯಲ್ಲಿ ಕಾಫಿ ಲೋಟ ಹಿಡಿದು ನಡೆಯುವುದನ್ನು ಮೇಷ್ಟ್ರಿಗೆ ಬಿಡಿಸಿದ್ದೇನೆ. ನಡೆಯುವುದೇ ಆಗ ಪೂರ್ತಿ ಕೆಲಸ.

ಅಭ್ಯಾಸದ ಹೊತ್ತನ್ನು ಮಾತ್ರೆ ನೋಡಿ ಇಟ್ಟುಕೊಳ್ಳುತ್ತೇನೆ. ಮಿದುಳಿನಲ್ಲಿ ಡೋಪಮೈನ್ ಆಗಿ ಬದಲಾಗುವ ಲೆವೊಡೋಪಾ ಮಾತ್ರೆ ಚೆನ್ನಾಗಿ ಹಿಡಿದಿರುವಾಗ ಹೊಸದನ್ನು ಕಲಿಸುವುದು. ಅದು ಇಳಿಯುವ ಹೊತ್ತಿಗೆ ಪಕ್ಕದಲ್ಲಿ ನಿಂತು ಅದನ್ನೇ ಮಾಡಿಸಿ ನೋಡುವುದು, ಏಕೆಂದರೆ ಕಾಲು ಹೆಚ್ಚಾಗಿ ಅಂಟುವುದು ಆಗಲೇ. ಮಾತ್ರೆ ಕೆಲಸ ಮಾಡುತ್ತಿಲ್ಲ ಎನ್ನುವವರನ್ನು ಯಾವುದರ ಜೊತೆ ನುಂಗುತ್ತೀರಿ ಎಂದು ಕೇಳುತ್ತೇನೆ. ಹಾಲು, ಬೇಳೆ, ಮೊಟ್ಟೆಯ ಪ್ರೋಟೀನ್ ಲೆವೊಡೋಪಾಕ್ಕೆ ಅಡ್ಡ ಬರುತ್ತದೆ. ಕೆಲವರು ಯಾರಿಗೂ ಹೇಳದೆ ನಸುಗುನ್ನಿ ಬೀಜದ ಪುಡಿ ತಿನ್ನುತ್ತಿರುತ್ತಾರೆ. ಆ ಬೀಜದಲ್ಲಿಯೂ ಲೆವೊಡೋಪಾ ಇದೆ, ನರರೋಗ ವೈದ್ಯರಿಗೆ ಗೊತ್ತಿರಲೇಬೇಕು.

ಬೀಳುವುದೆಲ್ಲ ಕಾಲಿನ ತಪ್ಪೂ ಅಲ್ಲ. ಮಲಗಿದ್ದಾಗ ಬಿಪಿ ನೋಡಿ, ಎದ್ದು ನಿಂತ ಮೂರು ನಿಮಿಷದೊಳಗೆ ಮತ್ತೆ ನೋಡುತ್ತೇನೆ. ಮೇಲಿನ ಅಂಕಿ 20 ಅಥವಾ ಹೆಚ್ಚು ಇಳಿದರೆ ಟೇಪ್ ಹಚ್ಚಿ ಪ್ರಯೋಜನವಿಲ್ಲ, ಮೊದಲು ವೈದ್ಯರ ಹತ್ತಿರ ಕಳಿಸುತ್ತೇನೆ. ಪಾರ್ಶ್ವವಾಯುವಿನಿಂದಲೋ ಸಮತೋಲ ನೋಡಿಕೊಳ್ಳುವ ಮಿದುಳಿನ ಭಾಗವಾದ ಸೆರೆಬೆಲ್ಲಮ್ ತೊಂದರೆಯಿಂದಲೋ ಓಲಾಡುವವರಿಗೆ ಇದನ್ನೆಲ್ಲ ಹಾಗೇ ಒಯ್ಯಬೇಡಿ. ಅವರ ತರಬೇತಿಯೇ ಬೇರೆ.

ಈ ಗೆರೆಗಳಿಂದ ರೋಗ ನಿಲ್ಲುವುದಿಲ್ಲ, ಇದನ್ನು ಮನೆಯವರಿಗೆ ಮೊದಲೇ ಹೇಳಿಬಿಡುತ್ತೇನೆ. ಕೆಲವು ತಿಂಗಳಲ್ಲಿ ಕಣ್ಣು ಗೆರೆಗೆ ಒಗ್ಗಿಹೋಗುತ್ತದೆ, ಆಗ ಬಣ್ಣವನ್ನೋ ಅಂತರವನ್ನೋ ಬದಲಿಸಬೇಕು. ದಿನಾ ನೆಲ ಒರೆಸುವ ಮನೆಯಲ್ಲಿ ಅಂಚು ಏಳುತ್ತದೆ. ಎದ್ದ ಅಂಚಿಗೆ ಕಾಲು ತೊಡರುತ್ತದೆ, ಕಂಡ ಕೂಡಲೇ ಕಿತ್ತು ಹೊಸದು ಹಚ್ಚಿ. ರಾತ್ರಿಗಂತೂ ಗೆರೆಯನ್ನು ನಂಬಿಕೊಳ್ಳುವ ಹಾಗಿಲ್ಲ: ಕತ್ತಲು, ನಿದ್ದೆಗಣ್ಣು, ಮಾತ್ರೆಯ ಬಲವೂ ಇಳಿದಿರುತ್ತದೆ. ಮೇಷ್ಟ್ರ ಮಂಚದ ಪಕ್ಕ ಒಂದು ಯೂರಿನಲ್ ಬಾಟಲಿ ಇಡಿಸಿದ್ದೇನೆ, ಬಚ್ಚಲ ದೀಪ ರಾತ್ರಿಯಿಡೀ ಉರಿಯುತ್ತದೆ. ಕರೆಂಟ್ ಬಿಲ್ ಬಗ್ಗೆ ಅವರ ಗೊಣಗಾಟ ಇನ್ನೂ ನಿಂತಿಲ್ಲ.