ವಾಗ್ದಾನ ಯಾವುದು, ಬಿನ್ನಹ ಯಾವುದು: ಕಾಯುವಾಗ ನಾನು ಮಾಡಿದ್ದು

ನನ್ನ ತಮ್ಮ ಮನೆಯವರ ಜೊತೆ ಮಾತು ಬಿಟ್ಟು ಎಷ್ಟೋ ವರ್ಷಗಳಾದವು. ಜಗಳದ ವಿವರ ಇಲ್ಲಿ ಬೇಡ, ಅದು ನನ್ನೊಬ್ಬಳ ಸೊತ್ತಲ್ಲ. ಹೋಗುವಾಗ ಅವನು ನಮ್ಮನ್ನಷ್ಟೇ ಅಲ್ಲ, ದೇವರನ್ನೂ ಸಭೆಯನ್ನೂ (ನಮ್ಮ ಚರ್ಚನ್ನೂ) ಬಿಟ್ಟು ಹೋದ. ಇದನ್ನು ಬರೆಯುವ ಹೊತ್ತಿಗೂ ಬಂದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ದೇವರು ಮಾಡಿದ್ದನ್ನು ಸಭೆಯಲ್ಲಿ ಹೇಳುವ ಸಾಕ್ಷಿ ಎಂದ ಮೇಲೆ ಕೊನೆಗೆ ಎಲ್ಲ ಸರಿಹೋಗಿರಲೇಬೇಕು ಅನ್ನುವ ರೂಢಿ ನಮ್ಮಲ್ಲಿದೆ. ನೆರವೇರಿದ ಮೇಲೆ ಎದ್ದು ನಿಂತು ಹೇಳುವ ಸಾಕ್ಷಿಗಳು ಬೇಕಾದಷ್ಟಿವೆ. ಇನ್ನೂ ನಡುದಾರಿಯಲ್ಲಿರುವವರು ದಿನ ಹೇಗೆ ಕಳೆಯುತ್ತಾರೆ ಅನ್ನುವುದು ಮಾತ್ರ ಕೇಳಸಿಗುವುದು ಕಡಿಮೆ. ನನಗೆ ಗೊತ್ತಿರುವುದು ಅದೊಂದೇ.

ಆರಂಭದಲ್ಲಿ ಬಂದವರೆಲ್ಲ ಸತ್ಯವೇದದ (ಬೈಬಲಿನ) ಒಂದೊಂದು ವಚನ ಕೊಟ್ಟು ಹೋಗುತ್ತಿದ್ದರು. ಪ್ರೀತಿಯಿಂದಲೇ ಕೊಟ್ಟದ್ದು. ಕೆಲವು ಚೀಟಿಯಲ್ಲಿ, ಕೆಲವು ವಾಟ್ಸಾಪ್‌ನಲ್ಲಿ, ಕೆಲವು ಪ್ರಾರ್ಥನೆಯ ನಡುವೆ ಗಟ್ಟಿ ದನಿಯಲ್ಲಿ. ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡೆ. ಆಮೇಲೆ ಬಿಡುವು ಮಾಡಿಕೊಂಡು ಕೂತು, ಒಂದೊಂದು ವಚನದ ಹಿಂದಿನದನ್ನೂ ಮುಂದಿನದನ್ನೂ ಓದುತ್ತಾ ಹೋದೆ. ಈ ಮಾತು ಯಾರಿಗೆ ಹೇಳಿದ್ದು? ಯಾವ ಸ್ಥಿತಿಯಲ್ಲಿ ಹೇಳಿದ್ದು? ಏನನ್ನು ಕೊಡುತ್ತೇನೆಂದು ಹೇಳಿದ್ದು? ಉತ್ತರಗಳನ್ನು ಪಕ್ಕದಲ್ಲೇ ಗುರುತು ಹಾಕಿದೆ. ಭಕ್ತಿಯ ಕೆಲಸಕ್ಕಿಂತ ಲೆಕ್ಕಪತ್ರದ ಕೆಲಸದಂತೆ ಕಾಣುತ್ತಿತ್ತು. ಆದರೆ ಇವತ್ತಿಗೂ ನನ್ನನ್ನು ನಿಲ್ಲಿಸಿರುವುದು ಆ ಕೆಲಸವೇ.

ಹೆಚ್ಚು ಜನ ಕೊಟ್ಟ ವಚನ ಯೆರೆಮೀಯ 29:11. ನಿಮ್ಮ ಬಗ್ಗೆ ನನಗಿರುವ ಆಲೋಚನೆಗಳು ಹಿತದವು, ಅಹಿತದವಲ್ಲ ಎಂದು ದೇವರು ಹೇಳುವ ಜಾಗ. ಗೋಡೆಯ ಮೇಲೆ, ಕ್ಯಾಲೆಂಡರಿನಲ್ಲಿ, ಮದುವೆಯ ಕಾಗದದಲ್ಲಿ ಎಲ್ಲ ಕಡೆ ಸಿಗುತ್ತದೆ. ಅದರ ಮೇಲಿನ ಹತ್ತನೆಯ ವಚನವನ್ನು ಗೋಡೆಗೆ ಹಾಕಿದವರನ್ನು ನಾನು ಕಂಡಿಲ್ಲ. ಅಲ್ಲಿರುವುದು 70 ವರ್ಷದ ಲೆಕ್ಕ. ಕ್ರಿ.ಪೂ. 597ರಲ್ಲಿ ಬಾಬೆಲಿಗೆ (ಬ್ಯಾಬಿಲೋನಿಗೆ) ಸೆರೆ ಹೋದ ಜನರಿಗೆ ಪ್ರವಾದಿ ಯೆರೆಮೀಯ ಬರೆದ ಪತ್ರ ಅದು. ಓದಿಸಿಕೊಂಡವರಲ್ಲಿ ನಡುವಯಸ್ಸು ದಾಟಿದವರಿಗೆಲ್ಲ ಆ ಅಂಕಿಯ ಅರ್ಥ ಕೂಡಲೇ ಹೊಳೆದಿರಬೇಕು: ನಾವು ಊರು ನೋಡುವುದಿಲ್ಲ, ನಮ್ಮ ಮೊಮ್ಮಕ್ಕಳು ನೋಡುತ್ತಾರೆ. ಹಾಗಿದ್ದೂ ಅದು ಹಿತದ ಆಲೋಚನೆಯೇ. ಪತ್ರದ ಮೊದಲ ಭಾಗದಲ್ಲಿ ದೇವರು ಹೇಳುವುದು ಮನೆ ಕಟ್ಟಿ, ತೋಟ ಹಾಕಿ, ಮಕ್ಕಳಿಗೆ ಮದುವೆ ಮಾಡಿ, ಆ ಪರದೇಶದ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ ಎಂದು. ಕಾಯುವವರು ಗಂಟುಮೂಟೆ ಕಟ್ಟಿಕೊಂಡು ಬಾಗಿಲಲ್ಲಿ ಕೂರಬೇಕೆಂದು ಅಲ್ಲೆಲ್ಲೂ ಇಲ್ಲ.

ಇದರ ಹಿಂದಿನ ಅಧ್ಯಾಯವನ್ನು ಕಾಯುತ್ತಿರುವ ಪ್ರತಿಯೊಬ್ಬರೂ ಓದಬೇಕು ಅನ್ನಿಸುತ್ತದೆ. ಹನನ್ಯನೆಂಬ ಪ್ರವಾದಿ ಜನರ ಮುಂದೆ ನಿಂತು, ಎರಡೇ ವರ್ಷದಲ್ಲಿ ಎಲ್ಲವೂ ಹಿಂದಿರುಗಿ ಬರುತ್ತದೆ ಅನ್ನುತ್ತಾನೆ. ಯೆರೆಮೀಯ ಅದಕ್ಕೆ ಮೊದಲು ಹೇಳುವ ಮಾತು ಆಮೆನ್, ಕರ್ತನು ಹಾಗೇ ಮಾಡಲಿ ಎಂದು. ಅವನಿಗೂ ಅದೇ ಆಸೆ ಇತ್ತು. ಆಸೆ ಇದ್ದ ಮಾತ್ರಕ್ಕೆ ಆ ಎರಡು ವರ್ಷವನ್ನು ದೇವರ ಮಾತೆಂದು ಅವನು ಒಪ್ಪಿಕೊಳ್ಳಲಿಲ್ಲ. ನಮ್ಮ ಸಭೆಗೆ ಬಂದಿದ್ದ ಬೋಧಕರೊಬ್ಬರು ನನ್ನ ತಲೆಯ ಮೇಲೆ ಕೈಯಿಟ್ಟು, ಈ ವರ್ಷ ಮುಗಿಯುವುದರೊಳಗೆ ನಿನ್ನ ತಮ್ಮ ಬಂದೇ ಬರುತ್ತಾನೆ ಅಂದರು. ನಾನು ಆಮೆನ್ ಅಂದೆ, ಮನಸಾರೆ ಅಂದೆ. ಮನೆಗೆ ಬಂದು ನೋಟ್‌ಬುಕ್ಕಿನಲ್ಲಿ ಮಾತ್ರ ಬರೆಯಲಿಲ್ಲ. ಆ ವರ್ಷ ಮುಗಿದಾಗ ನನಗೆ ದುಃಖವಾಯಿತು, ಆದರೆ ದೇವರು ಮಾತಿಗೆ ತಪ್ಪಿದರು ಎಂದು ಅನ್ನಿಸಲಿಲ್ಲ. ಪಕ್ಕದಲ್ಲೇ ನಿಂತು ಅದೇ ಮಾತನ್ನು ಕೇಳಿಸಿಕೊಂಡಿದ್ದ ನನ್ನ ಅಮ್ಮನಿಗೆ ಹಾಗೆ ಅನ್ನಿಸಿತು. ತಾರೀಕು ಕೊಡುವವರು ಇದನ್ನು ಒಂದಿಷ್ಟು ಯೋಚಿಸಬೇಕು.

ಲೆಕ್ಕ ಮುಗಿದಾಗ ನೋಟ್‌ಬುಕ್ಕಿನಲ್ಲಿ ಎರಡು ಪುಟಗಳಾಗಿದ್ದವು. ಒಂದಕ್ಕೆ ವಾಗ್ದಾನ ಎಂದು ಹೆಸರಿಟ್ಟೆ, ಇನ್ನೊಂದಕ್ಕೆ ಬಿನ್ನಹ. ವಾಗ್ದಾನದ ಪುಟದಲ್ಲಿ ಉಳಿದವು ಸ್ವಲ್ಪವೇ, ಆದರೆ ಗಟ್ಟಿ: ನಿನ್ನನ್ನು ಎಂದಿಗೂ ಕೈಬಿಡುವುದಿಲ್ಲ ಎಂಬುದು, ಇಬ್ರಿಯ 13:5. ನನ್ನ ಬಳಿಗೆ ಬರುವವನನ್ನು ತಳ್ಳಿಬಿಡುವುದಿಲ್ಲ ಎಂಬುದು, ಯೋಹಾನ 6:37. ಜ್ಞಾನ ಕಡಿಮೆಯಾದವರು ಕೇಳಿದರೆ ಹಂಗಿಸದೆ ಕೊಡುತ್ತಾರೆಂಬುದು, ಯಾಕೋಬ 1:5. ತಮ್ಮ ಮನೆಗೆ ಬರುತ್ತಾನೆ ಅನ್ನುವುದು ಬಿನ್ನಹದ ಪುಟಕ್ಕೆ ಹೋಯಿತು. ಬರೆಯುವಾಗ ಕೈ ತಡೆಯಿತು, ನಿಜ. ಹಾಗೆ ಬರೆದರೆ ನಂಬಿಕೆ ಕಡಿಮೆಯಾದಂತೆ ಎಂದು ಒಬ್ಬ ಗೆಳತಿ ಬೇಸರವನ್ನೂ ಮಾಡಿಕೊಂಡಳು. ನನಗಾದದ್ದು ಬೇರೆ. ಬರೆದುಕೊಡದ ಸಾಲಪತ್ರ ಹಿಡಿದು ದಿನಾ ದೇವರ ಬಾಗಿಲಲ್ಲಿ ವಸೂಲಿಗೆ ನಿಲ್ಲುವ ಕಷ್ಟ ತಪ್ಪಿತು. ಕೊಟ್ಟ ಮಾತಿನ ಮೇಲೆ ಕಾಲೂರಿ ನಿಂತು, ಕೊಡದ ಮಾತನ್ನು ಮಗಳ ಸಲುಗೆಯಿಂದ ಬೇಡಿಕೊಳ್ಳಬಹುದು. ಅಂದಿನಿಂದ ನನ್ನ ಪ್ರಾರ್ಥನೆ ಇನ್ನೂ ಹಟಮಾರಿಯಾಯಿತೇ ಹೊರತು ಸಡಿಲವಾಗಲಿಲ್ಲ. ಲೂಕ 18ರ ವಿಧವೆ ನ್ಯಾಯಾಧಿಪತಿಯನ್ನು ಕಾಡುವುದೂ ಬಿನ್ನಹವೇ ತಾನೆ.

ಆ ದಿನಗಳಲ್ಲೇ ಸತ್ಯವೇದದಲ್ಲಿ ಬರುವ ವಯಸ್ಸುಗಳಿಗೆ ಪೆನ್ಸಿಲಿನಿಂದ ಅಡಿಗೆರೆ ಎಳೆಯತೊಡಗಿದೆ. ದೇವರ ಮಾತು ಕೇಳಿ ಹಾರಾನ್ ಊರಿನಿಂದ ಹೊರಟಾಗ ಅಬ್ರಹಾಮನಿಗೆ 75. ದಾಸಿಯಲ್ಲಿ ಇಷ್ಮಾಯೇಲ್ ಹುಟ್ಟಿದಾಗ 86. ವಾಗ್ದಾನದ ಮಗ ಇಸಾಕ ಹುಟ್ಟಿದಾಗ 100. ಆದಿಕಾಂಡದ 16ನೆಯ ಅಧ್ಯಾಯ 86ಕ್ಕೆ ಮುಗಿದು, 17ನೆಯದು 99ಕ್ಕೆ ಶುರುವಾಗುತ್ತದೆ. ನಡುವೆ 13 ವರ್ಷ. ನಾವು ಪುಟ ಮಗುಚುವಷ್ಟರಲ್ಲಿ ಆ ಮುದುಕ 13 ವರ್ಷ ಕಳೆದಿದ್ದಾನೆ, ದೇವರು ಅವನ ಜೊತೆ ಮಾತಾಡಿದ್ದು ಒಂದೂ ದಾಖಲಾಗಿಲ್ಲ. ದನ ಕಾಯಿಸಿದ್ದಾನೆ, ಗುಡಾರ ಎತ್ತಿ ಹಾಕಿದ್ದಾನೆ, ಬೆಳೆಯುವ ಇಷ್ಮಾಯೇಲನನ್ನು ನೋಡಿದ್ದಾನೆ, ಅಷ್ಟೇ ಇರಬೇಕು. ಬರೆಯುವಂಥದ್ದು ಏನೂ ಇಲ್ಲದ ವರ್ಷಗಳು ಸತ್ಯವೇದದಲ್ಲೂ ಇವೆ ಎಂದು ತಿಳಿದದ್ದು, ಯಾರ ಪ್ರಸಂಗವೂ ಕೊಡದ ಸಮಾಧಾನ ಕೊಟ್ಟಿತು.

ಯೋಸೇಫನ ಕಥೆ ಶುರುವಾಗುವಾಗ ಅವನಿಗೆ 17, ಐಗುಪ್ತದ ಅರಸ ಫರೋಹನ ಮುಂದೆ ನಿಲ್ಲುವಾಗ 30. ನಡುವೆ ಸೆರೆಮನೆಯಲ್ಲಿ ಜೊತೆಗಿದ್ದ ಪಾನದಾಯಕನು (ಅರಸನಿಗೆ ದ್ರಾಕ್ಷಾರಸ ಕೊಡುವವನು) ಅವನನ್ನು ಮರೆತ ಮೇಲೆ ಪೂರ್ತಿ ಎರಡು ವರ್ಷ. ವಾಗ್ದಾನದ ದೇಶವನ್ನು ಬೇಹು ನೋಡಿ ಬಂದ ಕಾಲೇಬ 40ರಲ್ಲಿ ಕೇಳಿಸಿಕೊಂಡ ವಾಗ್ದಾನದಂತೆ 85ರಲ್ಲಿ ಹೆಬ್ರೋನ್ ಊರನ್ನು ಕೇಳಿ ಪಡೆದ. ಆ 45 ವರ್ಷದಲ್ಲಿ ಅಡವಿಯ ಅಲೆದಾಟ ಬಂದದ್ದು ಅವನ ಅವಿಶ್ವಾಸದಿಂದಲ್ಲ, ಪಕ್ಕದ ಗುಡಾರದವರ ಅವಿಶ್ವಾಸದಿಂದ. ಇನ್ನೊಬ್ಬರು ಮಾಡಿದ್ದಕ್ಕೆ ತಾವು ಕಾಯಬೇಕಾಗಿ ಬಂದವರು ಕಾಲೇಬನನ್ನು ನಿಧಾನವಾಗಿ ಓದಿ ನೋಡಿ.

ಕಾಯುವಾಗ ಕೈಗೆ ಏನು ಕೆಲಸ ಕೊಡಬೇಕು ಅನ್ನುವುದು ಇನ್ನೂ ಕಷ್ಟದ ಪ್ರಶ್ನೆ. ಪ್ರವಾದಿ ಸಮುವೇಲನಿಗಾಗಿ ಏಳು ದಿನ ಕಾದ ಅರಸ ಸೌಲ, ಜನ ಚದುರುತ್ತಿದ್ದಾರೆಂದು ತಾನೇ ಯಜ್ಞ ಅರ್ಪಿಸಿಬಿಟ್ಟ. ಮುಂದೆ ಅರಸನಾಗಬೇಕಿದ್ದ ದಾವೀದನ ಕೈಗೆ, ಅವನನ್ನು ಕೊಲ್ಲಲು ಹುಡುಕುತ್ತಿದ್ದ ಅದೇ ಸೌಲ ಗವಿಯೊಳಗೆ ಸಿಕ್ಕಿದ. ಜೊತೆಗಿದ್ದವರು ಇದೇ ದೇವರು ಕೊಟ್ಟ ದಿನ ಅಂದರು. ಅವನು ನಿಲುವಂಗಿಯ ಅಂಚನ್ನು ಮಾತ್ರ ಕತ್ತರಿಸಿದ, ಅದಕ್ಕೂ ಅವನ ಮನಸ್ಸು ಚುಚ್ಚಿತು. ಸಿಂಹಾಸನದ ಮಾತು ದೇವರೇ ಕೊಟ್ಟಿದ್ದರೂ ಅದನ್ನು ಆ ದಾರಿಯಲ್ಲಿ ತಲುಪಲು ಅವನಿಗೆ ಮನಸ್ಸಿರಲಿಲ್ಲ.

ನಮ್ಮ ಮನೆಗೂ ಅಂಥ ಒಂದು ಗವಿ ಬಂತು. ಅಮ್ಮನಿಗೆ ಸೀರಿಯಸ್ ಎಂದು ಅವನಿಗೆ ಸುದ್ದಿ ಮುಟ್ಟಿಸಿ, ಓಡಿ ಬರುತ್ತಾನೆ ಎಂದು ಬಂಧುಗಳೊಬ್ಬರು ಉಪಾಯ ಹೇಳಿದರು. ಅಮ್ಮ ಆ ರಾತ್ರಿ ನನ್ನನ್ನು ಕೇಳಿದರು, "ಹೇಳಿಸಿಬಿಡೋಣವೇನೇ?"

"ಬರ್ತಾನೆ ಅಮ್ಮ. ಬಂದು ನೀನು ಓಡಾಡ್ತಿರೋದು ನೋಡ್ತಾನೆ. ಆಮೇಲೆ?"

ಅಮ್ಮ ಸ್ವಲ್ಪ ಹೊತ್ತು ಬಿಟ್ಟು, "ಆಮೇಲೆ ನಿಜವಾಗ್ಲೂ ಸೀರಿಯಸ್ ಆದಾಗ ಬರಲ್ಲ" ಅಂದರು. ಆ ಮಾತು ಅಲ್ಲಿಗೇ ಮುಗಿಯಿತು.

ಬದಲಿಗೆ ಏನು ಮಾಡುತ್ತೇನೆ ಎಂದರೆ, ಅವನ ಹುಟ್ಟಿದ ದಿನಕ್ಕೆ ಒಂದು ಮೆಸೇಜ್ ಕಳಿಸುತ್ತೇನೆ. ಅದರಲ್ಲಿ ವಚನ ಇರುವುದಿಲ್ಲ, ಯಾವಾಗ ಬರ್ತೀಯ ಎಂಬ ಪ್ರಶ್ನೆ ಇರುವುದಿಲ್ಲ, ಅಮ್ಮ ಅಳುತ್ತಾರೆ ಎಂಬುದೂ ಇರುವುದಿಲ್ಲ. ಉತ್ತರ ಬಂದಿಲ್ಲ, ಬ್ಲಾಕ್ ಕೂಡ ಮಾಡಿಲ್ಲ. ನನ್ನ ನಂಬರ್ ಬದಲಾಯಿಸಿಲ್ಲ. ಅವನ ಮಾರ್ಕ್ಸ್‌ಕಾರ್ಡು, ಪ್ರಮಾಣಪತ್ರಗಳೆಲ್ಲ ಒಂದು ಫೈಲಿನಲ್ಲಿ ಗೆದ್ದಲು ಹಿಡಿಯದಂತೆ ಇಟ್ಟಿದ್ದೇನೆ. ಯೆರೂಸಲೇಮಿಗೆ ಮುತ್ತಿಗೆ ಬಿದ್ದಿದ್ದಾಗ, ತಾನೇ ಕಾವಲಲ್ಲಿದ್ದ ಯೆರೆಮೀಯ, ಅನಾತೋತಿನ ಹೊಲವನ್ನು 17 ಶೆಕೆಲ್ ಬೆಳ್ಳಿ ತೂಗಿ ಕೊಂಡು, ಕ್ರಯಪತ್ರವನ್ನು ಬಹುಕಾಲ ಉಳಿಯಲಿ ಎಂದು ಮಣ್ಣಿನ ಪಾತ್ರೆಯಲ್ಲಿ ಇಡಿಸಿದ. ನನ್ನ ಫೈಲಿಗೂ ಆ ಪಾತ್ರೆಗೂ ಹೋಲಿಕೆ ದೊಡ್ಡ ಮಾತಾಯಿತು, ಅವನ ಬಳಿ ದೇವರ ನೇರ ಮಾತಿತ್ತು, ನನ್ನ ಬಳಿ ಬಿನ್ನಹ ಮಾತ್ರ. ಆದರೂ ಅವನನ್ನು ನೋಡಿಯೇ ಕಲಿತದ್ದು. ಬೇಡಿಕೊಳ್ಳುವ ಬಾಯಿ ಏನು ಕೇಳುತ್ತದೋ ಅದಕ್ಕೆ ತಕ್ಕ ಜಾಗವನ್ನು ಕೈ ಮನೆಯಲ್ಲಿ ಉಳಿಸಿಟ್ಟುಕೊಳ್ಳಬೇಕು.

ಪ್ರಾರ್ಥನೆ ಬಾರದ ದಿನಗಳ ಬಗ್ಗೆಯೂ ಹೇಳಬೇಕು. ಅಂಥ ದಿನ ನಾನಾಗಿ ಮಾತು ಹುಡುಕಲು ಹೋಗುವುದಿಲ್ಲ. 13ನೆಯ ಕೀರ್ತನೆ ಓದುತ್ತೇನೆ. ಆರೇ ವಚನ. ಮೊದಲೆರಡರಲ್ಲೇ ನಾಲ್ಕು ಸಲ ಎಷ್ಟರವರೆಗೆ ಎಂದು ಕೇಳುತ್ತಾನೆ ದಾವೀದ. ಅದೂ ಹೆಚ್ಚು ಉಲ್ಲಾಸದ್ದು ಅನ್ನಿಸಿದರೆ 88. ಅದರಲ್ಲಿ ಕೊನೆಗೆ ಸ್ತುತಿಯ ತಿರುವೇ ಬರುವುದಿಲ್ಲ, ಕತ್ತಲಲ್ಲೇ ನಿಂತುಹೋಗುತ್ತದೆ. ಗಟ್ಟಿಯಾಗಿ ಓದಿ, ಅಲ್ಲಿಗೇ ನಿಲ್ಲಿಸಿ ಏಳುತ್ತೇನೆ. ಮೇಲೊಂದು ಹಲ್ಲೆಲೂಯ ಸೇರಿಸುವುದಿಲ್ಲ. ದೇವರ ಕರುಣೆ ಬೆಳಬೆಳಗ್ಗೆ ಹೊಸದು, ಆತನ ನಂಬಿಗಸ್ತಿಕೆ ದೊಡ್ಡದು ಎಂದು ನಾವು ಹಾಡುವ ಮಾತು ಇರುವುದೂ ಪ್ರಲಾಪಗಳು ಎಂಬ ಪುಸ್ತಕದಲ್ಲಿ, ಐದು ಅಧ್ಯಾಯಗಳಲ್ಲಿ ಮೂರನೆಯದರ ನಡುವೆ. ಅದನ್ನು ಹೇಳಿದವನ ಕಣ್ಣ ಮುಂದೆ ಪಟ್ಟಣ ಸುಟ್ಟು ಬಿದ್ದಿತ್ತು, ಹೇಳಿದ ಮೇಲೂ ಬಿದ್ದೇ ಇತ್ತು. ಆ ವಚನಕ್ಕೆ ನಾನು ಬೆಲೆ ಕೊಡುವುದು ಅದಕ್ಕೇ.

ನೋಟ್‌ಬುಕ್ಕಿನ ಹಿಂಬದಿಯಲ್ಲಿ, ತಮ್ಮನಿಗೆ ಸಂಬಂಧವಿಲ್ಲದ ಉತ್ತರಗಳನ್ನು ಬರೆಯುತ್ತೇನೆ. ಸಣ್ಣಪುಟ್ಟವು, ಬಹುಪಾಲು ಯಾರಿಗೂ ಹೇಳುವಂಥದ್ದಲ್ಲ. ಯೊರ್ದನ್ ಹೊಳೆ ದಾಟಿದವರು ನೆನಪಿಗಾಗಿ 12 ಕಲ್ಲು ನಿಲ್ಲಿಸಿದ ಹಾಗೆ. ಒಂದು ವಿಷಯಕ್ಕೆ ಕಾಯುತ್ತಾ ಕೂತವರಿಗೆ ಉಳಿದದ್ದೆಲ್ಲ ಕಾಣದೆ ಹೋಗುವ ಅಪಾಯವಿದೆ, ಅದಕ್ಕಾಗಿ.

ನನ್ನ ಜೀವಮಾನದಲ್ಲಿ ಅವನು ಬರದೇ ಹೋದರೆ? ಈ ಪ್ರಶ್ನೆಯನ್ನು ಅವಿಶ್ವಾಸವೆಂದು ಓಡಿಸದೆ ಎದುರಿಗೇ ಕೂರಿಸಿಕೊಂಡಿದ್ದೇನೆ. ಇಬ್ರಿಯರಿಗೆ ಬರೆದ ಪತ್ರಿಕೆಯ 11ನೆಯ ಅಧ್ಯಾಯ ನಂಬಿಕೆಯ ವೀರರ ಪಟ್ಟಿ ಎಂದು ಓದುತ್ತೇವೆ. 13ನೆಯ ವಚನದಲ್ಲಿ ಇವರೆಲ್ಲರೂ ವಾಗ್ದಾನದ ಫಲ ಹೊಂದದೆ, ದೂರದಿಂದ ನೋಡಿ, ಸತ್ತರು ಎಂದಿದೆ. ಇಡೀ ಕಾನಾನ್ ನಿನ್ನದು ಎಂಬ ಮಾತು ಪಡೆದ ಅಬ್ರಹಾಮ ಸಾರಳನ್ನು ಹೂಳಲು 400 ಶೆಕೆಲ್ ಬೆಳ್ಳಿ ತೂಗಿ ಮಕ್ಪೇಲದ ಹೊಲವನ್ನೂ ಗವಿಯನ್ನೂ ಕೊಳ್ಳಬೇಕಾಯಿತು. ದೇವರೇ ಕೊಟ್ಟಿದ್ದಾರೆ ಎಂದು ಅವನು ಅಲ್ಲಿ ವಾದ ಹೂಡಲಿಲ್ಲ. ಹೇಳಿದ ಬೆಲೆ ಕೊಟ್ಟು, ಹೆಂಡತಿಯನ್ನು ಆ ನೆಲದಲ್ಲೇ ಇಟ್ಟ. ಆ ಮಾತು ಅವನ ಆಯುಷ್ಯಕ್ಕಿಂತ ಉದ್ದವಾಗಿತ್ತು.

ಎಷ್ಟು ದಿನ ಅಂತ ಕೇಳ್ತಾ ಇರ್ತೀರಿ, ಸಾಕು ಅನ್ನುವುದು ಯಾವಾಗ ಎಂದು ಕೆಲವರು ಕೇಳುತ್ತಾರೆ. ಅಪೊಸ್ತಲ ಪೌಲನು ತನ್ನ ಶರೀರದ ಮುಳ್ಳು ಎಂದು ಕರೆದ ಬಾಧೆಯ ಬಗ್ಗೆ ಮೂರು ಸಲ ಬೇಡಿಕೊಂಡ. ನನ್ನ ಕೃಪೆಯೇ ನಿನಗೆ ಸಾಕು ಎಂಬ ಉತ್ತರ ಬಂತು, ಅವನು ಆ ಬೇಡಿಕೆಯನ್ನು ಕೆಳಗಿಟ್ಟ. ನನಗೆ ಇನ್ನೂ ಹೌದೂ ಬಂದಿಲ್ಲ, ಇಲ್ಲವೂ ಬಂದಿಲ್ಲ. ಹಾಗಾಗಿ ಇವತ್ತೂ ಕೇಳಿದ್ದೇನೆ.